ಇರಾನಿನ ನಡುದಾರಿ ಮುಚ್ಚಿದವರು ಯಾರು?

ಅಮೆರಿಕ ಮತ್ತು ತೈಲ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 2003ರ ಇರಾಕ್. ಬಾಗ್ದಾದಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಲೂಟಿಯಾಗುತ್ತಿದ್ದಾಗ ಅಮೆರಿಕದ ಸೈನಿಕರು ತೈಲ ಸಚಿವಾಲಯದ ಕಾವಲಿಗೆ ನಿಂತಿದ್ದರು. ಅದನ್ನು ಟಿವಿಯಲ್ಲಿ ನೋಡಿದವರು ಇಲ್ಲೂ ಇದ್ದೀರಿ. ನಾನು ಇವತ್ತು ಅದಕ್ಕಿಂತ 50 ವರ್ಷ ಹಿಂದಕ್ಕೆ ಹೋಗುತ್ತೇನೆ. 1953ರ ಆಗಸ್ಟ್, ಪಕ್ಕದ ಇರಾನ್. ಅಲ್ಲಿಗೆ ಅಮೆರಿಕದ ಸೈನ್ಯ ನುಗ್ಗಲಿಲ್ಲ, ಬಾಂಬ್ ಬೀಳಲಿಲ್ಲ. ಹಣ, ಕೆಲವು ಗೂಢಚಾರರು, ದುಡ್ಡಿಗೆ ಬರೆಯುವ ಪತ್ರಿಕೆಗಳು, ದುಡ್ಡಿಗೆ ಬೀದಿಗಿಳಿಯುವ ಗುಂಪುಗಳು. ಇಷ್ಟರಲ್ಲೇ ಸಂಸತ್ತು ಆರಿಸಿದ್ದ ಪ್ರಧಾನಿ ಮೊಹಮ್ಮದ್ ಮೊಸಾದೆಗ್ ಅವರನ್ನು ಅಮೆರಿಕ, ಬ್ರಿಟನ್ ಸೇರಿ ಕೆಳಗಿಳಿಸಿದವು. ಮಾಡಿದವರ ಲೆಕ್ಕದಲ್ಲಿ ಅದು ದೊಡ್ಡ ಗೆಲುವು.

ಇರಾನಿಗೂ ಅಮೆರಿಕಕ್ಕೂ ಯಾಕೆ ಆಗಿಬರುವುದಿಲ್ಲ ಅಂತ ಕೇಳಿದರೆ ಬಲ್ಲವರು 1953 ಅನ್ನುತ್ತಾರೆ. ಸಿಟ್ಟು ಅಲ್ಲಿಂದ ಶುರುವಾಯಿತು ಅನ್ನುವುದು ಸರಿ. ಆದರೆ ಅದು ಅರ್ಧ ಉತ್ತರ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ನಷ್ಟ ಒಂದಿದೆ. ದೊರೆಯ ದರ್ಬಾರೂ ಬೇಡ, ಧರ್ಮಗುರುಗಳ ಆಳ್ವಿಕೆಯೂ ಬೇಡ, ಸಂವಿಧಾನ ಮತ್ತು ಸಂಸತ್ತು ಇದ್ದರೆ ಸಾಕು ಅನ್ನುವ ರಾಜಕೀಯವೊಂದು ಇರಾನಿನಲ್ಲಿ ಆಗ ಬೆಳೆಯುತ್ತಿತ್ತು. ಅದರ ಬುಡಕ್ಕೆ ಕೊಡಲಿ ಬಿದ್ದಿದ್ದು ಆಗ. ಅದು ಮತ್ತೆ ಚಿಗುರಲೇ ಇಲ್ಲ. ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ಕಥೆ ಶುರುವಾಗುವುದು 1901ರಲ್ಲಿ. ವಿಲಿಯಂ ನಾಕ್ಸ್ ಡಾರ್ಸಿ ಎಂಬ ಇಂಗ್ಲಿಷ್ ಶ್ರೀಮಂತನಿಗೆ ಅಂದಿನ ಶಾ, ಅಂದರೆ ಇರಾನಿನ ದೊರೆ, ಒಂದು ಹಕ್ಕುಪತ್ರ ಬರೆದುಕೊಟ್ಟ. ಉತ್ತರದ ಐದು ಪ್ರಾಂತ್ಯ ಬಿಟ್ಟು ಉಳಿದ ಇಡೀ ದೇಶದಲ್ಲಿ 60 ವರ್ಷ ತೈಲ ಹುಡುಕುವ, ತೆಗೆಯುವ, ಮಾರುವ ಹಕ್ಕು. ಅದಕ್ಕೆ ಕೈಗೆ ಬಂದಿದ್ದು 20,000 ಪೌಂಡ್ ನಗದು, ಅಷ್ಟೇ ಬೆಲೆಯ ಷೇರು, ಆಮೇಲೆ ಲಾಭದಲ್ಲಿ ಶೇ 16. 1908ರ ಮೇ ತಿಂಗಳಲ್ಲಿ ಮಸ್ಜಿದ್ ಸುಲೇಮಾನ್ ಎಂಬಲ್ಲಿ ತೈಲ ಚಿಮ್ಮಿತು. ಮರುವರ್ಷ ಆಂಗ್ಲೋ-ಪರ್ಷಿಯನ್ ತೈಲ ಕಂಪನಿ ಹುಟ್ಟಿತು. 1914ರಲ್ಲಿ ಬ್ರಿಟನ್ ಸರ್ಕಾರವೇ ಅದರಲ್ಲಿ ಶೇ 51ರಷ್ಟು ಪಾಲು ಕೊಂಡಿತು. ಆಗ ನೌಕಾಪಡೆ ಸಚಿವರಾಗಿದ್ದವರು ಚರ್ಚಿಲ್. ಯುದ್ಧನೌಕೆಗಳನ್ನು ಕಲ್ಲಿದ್ದಲಿನಿಂದ ತೈಲಕ್ಕೆ ಬದಲಿಸುತ್ತಿದ್ದರು. ಬ್ರಿಟನ್ನಿನ ನೆಲದಲ್ಲಿ ಕಲ್ಲಿದ್ದಲು ಬೇಕಾದಷ್ಟಿತ್ತು, ತೈಲ ಇರಲಿಲ್ಲ. ಅಂದಿನಿಂದ ಆ ಕಂಪನಿ ಬರೀ ಕಂಪನಿಯಾಗಿ ಉಳಿಯಲಿಲ್ಲ.

ಮಲೆನಾಡಿನ ಕಡೆಯವರಿಗೆ ಚೇಣಿ ಗೊತ್ತು. ಅಡಿಕೆ ಫಸಲನ್ನು ಚೇಣಿಗೆ ಕೊಡುತ್ತಾರೆ, ಚೇಣಿದಾರ ಕೊಯ್ಲು ಮಾಡಿ ಮಾತಾಡಿದಷ್ಟು ಕೊಡುತ್ತಾನೆ. ಈಗ ಹೀಗೆ ಯೋಚಿಸಿ. ಚೇಣಿ 60 ವರ್ಷಕ್ಕೆ. ಎಷ್ಟು ಕೊಯ್ದೆ, ಎಷ್ಟಕ್ಕೆ ಮಾರಿದೆ ಅನ್ನುವ ಪುಸ್ತಕ ಚೇಣಿದಾರನ ಮನೆಯಲ್ಲೇ ಇರುತ್ತದೆ, ತೋಟದ ಯಜಮಾನ ಅದನ್ನು ತೆರೆದು ನೋಡುವ ಹಾಗಿಲ್ಲ. ಇರಾನಿನ ಸ್ಥಿತಿ ಹೀಗೇ ಇತ್ತು. ರೆಜಾ ಶಾ ಹಳೆಯ ಒಪ್ಪಂದ ರದ್ದು ಮಾಡಿ 1933ರಲ್ಲಿ ಹೊಸದು ಮಾಡಿಕೊಂಡರು. ಆದರೆ ಅದರಲ್ಲಿ ಅವಧಿ 1993ರವರೆಗೆ ಬೆಳೆಯಿತು. ಲೆಕ್ಕದ ಪುಸ್ತಕ ಆಗಲೂ ಲಂಡನ್ನಿನಲ್ಲೇ ಉಳಿಯಿತು.

1950ರ ಲೆಕ್ಕ ಒಂದನ್ನು ನೋಡಿ. ಆ ವರ್ಷ ಕಂಪನಿ ಬ್ರಿಟನ್ ಸರ್ಕಾರಕ್ಕೆ ಕಟ್ಟಿದ ತೆರಿಗೆ ಸುಮಾರು 5 ಕೋಟಿ ಪೌಂಡ್. ತೈಲದ ಒಡೆಯ ಇರಾನಿಗೆ ಕೊಟ್ಟ ರಾಯಲ್ಟಿ ಸುಮಾರು 1 ಕೋಟಿ 60 ಲಕ್ಷ ಪೌಂಡ್. ತೈಲ ಇರಾನಿನದು, ಆದರೆ ಬ್ರಿಟನ್ನಿಗೆ ಬರೀ ತೆರಿಗೆಯಲ್ಲೇ ಅದರ ಮೂರು ಪಟ್ಟು. ಮೇಲೆ ಷೇರಿನ ಲಾಭಾಂಶ ಬೇರೆ.

ಅಬಾದಾನ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿದ್ದ ಕಂಪನಿಯ ರಿಫೈನರಿ ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಅದನ್ನು ಕಟ್ಟಿ ನಡೆಸಿದವರಲ್ಲಿ ನಮ್ಮವರೂ ಇದ್ದರು. ಬ್ರಿಟಿಷ್ ಇಂಡಿಯಾದಿಂದ ಸಾವಿರಾರು ಕಾರ್ಮಿಕರನ್ನು, ಗುಮಾಸ್ತರನ್ನು ಕರೆದುಕೊಂಡು ಹೋಗಿದ್ದರು. ಕೂಲಿ ಜಾಸ್ತಿ ಮಾಡಿ ಅಂತ 1920ರ ದಶಕದ ಶುರುವಿನಲ್ಲಿ ಅವರು ಮುಷ್ಕರ ಮಾಡಿದರು. ಕಂಪನಿ ತುಂಬ ಜನರನ್ನು ಹಡಗು ಹತ್ತಿಸಿ ವಾಪಸ್ ಕಳಿಸಿತು. ಅಧಿಕಾರಿಗಳಿಗೆ ಹುಲ್ಲುಹಾಸಿನ ಬಂಗಲೆ, ಕ್ಲಬ್ಬು, ಈಜುಕೊಳ. ಇರಾನಿ ಕಾರ್ಮಿಕರಿಗೆ ಕಾಗಜಾಬಾದ್ ಎಂಬ ಕೊಳೆಗೇರಿ. ಕಾಗಜ್ ಅಂದರೆ ಕಾಗದ ಅಂತ ನಿಮಗೆ ಗೊತ್ತೇ ಇದೆ. ತಗಡು, ರಟ್ಟು ಸೇರಿಸಿ ಕಟ್ಟಿದ ಗುಡಿಸಲುಗಳ ಊರು ಅದು. 1946ರಲ್ಲಿ ಅಲ್ಲಿ ದೊಡ್ಡ ಮುಷ್ಕರ ನಡೆದು ಹತ್ತಾರು ಜನ ಸತ್ತರು. ತೈಲ ನಮ್ಮದಾಗಬೇಕು ಅನ್ನುವ ಕೂಗು ಟೆಹರಾನಿನ ಸಂಸತ್ತಿಗೆ ಬರುವ ಮೊದಲೇ ಆ ಗುಡಿಸಲುಗಳಲ್ಲಿ ಎದ್ದಿತ್ತು.

ಈಗ ಮೊಸಾದೆಗ್ ಅವರ ವಿಷಯಕ್ಕೆ ಬರೋಣ. ಮೊಹಮ್ಮದ್ ಮೊಸಾದೆಗ್ ಹುಟ್ಟಿದ್ದು 1882ರಲ್ಲಿ, ಶ್ರೀಮಂತ ಮನೆತನದಲ್ಲಿ. ಸ್ವಿಟ್ಜರ್‌ಲೆಂಡಿನಲ್ಲಿ ಕಾನೂನು ಓದಿ ಡಾಕ್ಟರೇಟ್ ಪಡೆದವರು. ಕಾಯಿಲೆ ಮನುಷ್ಯ, ಹಾಸಿಗೆಯಲ್ಲೇ ಕೂತು ಕಡತ ನೋಡುತ್ತಿದ್ದರು, ಭಾಷಣ ಮಾಡುತ್ತ ಅತ್ತುಬಿಡುತ್ತಿದ್ದರು. ಪಶ್ಚಿಮದ ಪತ್ರಿಕೆಗಳು ಅದನ್ನೇ ಹಿಡಿದು ಅಣಕಿಸಿದವು. ಅವರ ಬೇಡಿಕೆ ಸರಳವಾಗಿತ್ತು. ದೊರೆ ದೊರೆಯ ಜಾಗದಲ್ಲಿರಲಿ, ಆಳುವ ಕೆಲಸ ಸಂಸತ್ತಿನದು. ತೈಲ ದೇಶದ್ದು. 1951ರ ಮಾರ್ಚ್‌ನಲ್ಲಿ ಸಂಸತ್ತು ತೈಲ ಉದ್ಯಮವನ್ನು ರಾಷ್ಟ್ರೀಕರಣ ಮಾಡಲು ತೀರ್ಮಾನಿಸಿತು. ಏಪ್ರಿಲ್ 28ರಂದು 79 ಸದಸ್ಯರು ಮೊಸಾದೆಗ್ ಪರ ಮತ ಹಾಕಿದರು, ವಿರೋಧ 12. ಅವರು ಪ್ರಧಾನಿಯಾದರು. ರಾಷ್ಟ್ರೀಕರಣ ಅಂದರೆ ಕಿತ್ತುಕೊಂಡಿದ್ದು ಅಂತ ಆಗ ಲಂಡನ್ ಹೇಳಿತು, ಈಗಲೂ ಕೆಲವರು ಹಾಗೇ ಬರೆಯುತ್ತಾರೆ. ಅದು ತಪ್ಪು. ಕಂಪನಿಗೆ ಪರಿಹಾರ ಕೊಡಲು ತೈಲದ ಆದಾಯದಲ್ಲಿ ಶೇ 25ರವರೆಗೆ ಬ್ಯಾಂಕಿನಲ್ಲಿ ತೆಗೆದಿಡಬೇಕು ಅಂತ ಆ ಕಾನೂನಿನಲ್ಲೇ ಇತ್ತು. ಇದೇ ವೇಳೆಗೆ ಬ್ರಿಟನ್ನಿನಲ್ಲಿ ಲೇಬರ್ ಸರ್ಕಾರ ತನ್ನ ಕಲ್ಲಿದ್ದಲು ಗಣಿಗಳನ್ನು, ರೈಲ್ವೆಯನ್ನು ರಾಷ್ಟ್ರೀಕರಣ ಮಾಡಿ ಮುಗಿಸಿತ್ತು.

ಬ್ರಿಟನ್ ದೂರು ಹೊತ್ತು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಯಿತು. 1951ರ ಅಕ್ಟೋಬರ್‌ನಲ್ಲಿ ಮೊಸಾದೆಗ್ ಖುದ್ದು ನ್ಯೂಯಾರ್ಕಿಗೆ ಬಂದರು. ಆಗ ಮಂಡಳಿಯಲ್ಲಿ ಭಾರತವೂ ಇತ್ತು. ಭಾರತದ ಪರ ಕೂತಿದ್ದವರು ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದ ಅದೇ ಬಿ.ಎನ್. ರಾವ್. ಬ್ರಿಟನ್ನಿನ ನಿರ್ಣಯದ ಬಿಗಿ ಸಡಿಲಿಸುವ ತಿದ್ದುಪಡಿಯನ್ನು ಭಾರತ ಮತ್ತು ಯುಗೊಸ್ಲಾವಿಯಾ ಸೇರಿ ತಂದವು. ಕೊನೆಗೆ ಮಂಡಳಿ ವಿಷಯವನ್ನು ಮುಂದೂಡಿತು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಮೊದಲು ಇದು ತನ್ನ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಹೇಳಲಿ ಅಂತ ಬಿಟ್ಟರು. ಮುಂದಿನ ವರ್ಷ ರಾವ್ ಅದೇ ನ್ಯಾಯಾಲಯದ ನ್ಯಾಯಾಧೀಶರಾದರು. ಭದ್ರತಾ ಮಂಡಳಿಯಲ್ಲಿ ಈ ವಿಷಯದಲ್ಲಿ ಭಾಗವಹಿಸಿದ್ದೇನೆ ಅಂತ ಈ ಮೊಕದ್ದಮೆಯಿಂದ ಅವರು ಹಿಂದೆ ಸರಿದರು. ನನಗೆ ಈ ವಿಷಯ ತುಂಬ ಇಷ್ಟ. ನಿಯಮವನ್ನು ನಂಬಿದ ಜನ ಹೀಗಿರುತ್ತಾರೆ. 1952ರ ಜುಲೈ 22ರಂದು ತೀರ್ಪು ಬಂತು. ಇದು ಒಂದು ದೇಶ ಮತ್ತು ಒಂದು ಕಂಪನಿಯ ನಡುವಿನ ಒಪ್ಪಂದ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ 9-5ರಲ್ಲಿ ನ್ಯಾಯಾಲಯ ಹೇಳಿತು. ಆ ಒಂಬತ್ತರಲ್ಲಿ ಬ್ರಿಟಿಷ್ ನ್ಯಾಯಾಧೀಶ ಮೆಕ್‌ನೇರ್ ಕೂಡ ಒಬ್ಬರು.

ಸ್ವಲ್ಪ ನಿಂತು ಗಮನಿಸಿ. ಮೊಸಾದೆಗ್ ಸಂಸತ್ತಿನಲ್ಲಿ ಗೆದ್ದರು. ಭದ್ರತಾ ಮಂಡಳಿಯಲ್ಲಿ ಸೋಲಲಿಲ್ಲ. ನ್ಯಾಯಾಲಯದಲ್ಲಿ ಗೆದ್ದರು. ಅಮೆರಿಕದ ಮೇಲೂ ಅವರಿಗೆ ನಂಬಿಕೆ ಇತ್ತು. ಫಿಲಡೆಲ್ಫಿಯಾಗೆ ಹೋಗಿ ಅಲ್ಲಿನ ಸ್ವಾತಂತ್ರ್ಯದ ಗಂಟೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದರು. ನಾವೂ ಬ್ರಿಟಿಷರಿಂದ ಬಿಡಿಸಿಕೊಂಡವರು, ಇವರ ಕಷ್ಟ ನಮಗೆ ಅರ್ಥವಾಗುತ್ತದೆ ಅಂತ ಅಮೆರಿಕನ್ನರು ಅಂದುಕೊಳ್ಳಲಿ ಅನ್ನುವುದು ಅವರ ಆಸೆ. ಕಾನೂನಿನ ದಾರಿಯಲ್ಲಿ ಹೋದರೆ ಬಡ ದೇಶಕ್ಕೂ ನ್ಯಾಯ ಸಿಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇರಲಿಲ್ಲ.

ಪರೀಕ್ಷೆಯ ಫಲಿತಾಂಶ ಬೇರೆ ಕಡೆ ಬರೆಯುತ್ತಿದ್ದರು. ಬ್ರಿಟಿಷ್ ನೌಕರರು 1951ರ ಅಕ್ಟೋಬರ್‌ನಲ್ಲಿ ಅಬಾದಾನ್ ಬಿಟ್ಟು ಹೊರಟರು, ರಿಫೈನರಿ ನಿಂತಿತು. ಇರಾನಿನ ತೈಲ ಕೊಂಡರೆ ಅದು ಕದ್ದ ಮಾಲು, ಮೊಕದ್ದಮೆ ಹಾಕುತ್ತೇವೆ ಅಂತ ಕಂಪನಿ ಲೋಕಕ್ಕೆಲ್ಲ ಸಾರಿತು. 1952ರಲ್ಲಿ ರೋಸ್ ಮೇರಿ ಎಂಬ ಟ್ಯಾಂಕರ್ ಇರಾನಿನ ತೈಲ ತುಂಬಿಕೊಂಡು ಇಟಲಿಯ ಕಡೆ ಹೊರಟಿತ್ತು. ಅದನ್ನು ಬ್ರಿಟಿಷರು ಏಡನ್ ಬಂದರಿಗೆ ತಿರುಗಿಸಿ ಹಿಡಿದಿಟ್ಟರು. ಇರಾನ್ 1950ರಲ್ಲಿ ದಿನಕ್ಕೆ 6 ಲಕ್ಷ ಬ್ಯಾರೆಲ್‌ಗೂ ಜಾಸ್ತಿ ತೈಲ ತೆಗೆಯುತ್ತಿತ್ತು. ಎರಡು ವರ್ಷದಲ್ಲಿ ಅದು ಹೆಚ್ಚುಕಡಿಮೆ ನಿಂತೇ ಹೋಯಿತು. ಜಗತ್ತಿಗೆ ಇದರಿಂದ ತೈಲದ ಬರ ಬರಲಿಲ್ಲ. ಕುವೈತ್, ಸೌದಿ ಅರೇಬಿಯಾ, ಇರಾಕಿನಲ್ಲಿ ಕಂಪನಿಗಳು ಉತ್ಪಾದನೆ ಹೆಚ್ಚಿಸಿದವು. ಬರ ಬಂದಿದ್ದು ಇರಾನಿನ ಖಜಾನೆಗೆ. ಸರ್ಕಾರಿ ನೌಕರರ ಸಂಬಳಕ್ಕೂ ದುಡ್ಡಿಗೆ ತಡಕಾಡಬೇಕಾಯಿತು.

ಅಮೆರಿಕ ಇದರೊಳಗೆ ಬಂದಿದ್ದು ಹೇಗೆ? ಟ್ರೂಮನ್ ಅಧ್ಯಕ್ಷರಾಗಿದ್ದಷ್ಟು ದಿನ ಸರ್ಕಾರ ಉರುಳಿಸುವ ಯೋಜನೆಗೆ ಒಪ್ಪಲಿಲ್ಲ, ಸಂಧಾನಕ್ಕೇ ಪ್ರಯತ್ನಿಸಿದರು. 1952ರ ಅಕ್ಟೋಬರ್‌ನಲ್ಲಿ ಇರಾನ್ ಬ್ರಿಟಿಷ್ ರಾಯಭಾರ ಕಚೇರಿ ಮುಚ್ಚಿಸಿತು, ಗೂಢಚಾರರೂ ಜೊತೆಗೇ ಹೊರಟರು. ನವೆಂಬರ್‌ನಲ್ಲಿ ಬ್ರಿಟಿಷ್ ಗುಪ್ತಚರ ಅಧಿಕಾರಿ ಮಾಂಟಿ ವುಡ್‌ಹೌಸ್ ವಾಷಿಂಗ್ಟನ್ನಿಗೆ ಹೋದರು. ಬ್ರಿಟನ್ನಿನ ತೈಲ ವಾಪಸ್ ಕೊಡಿಸಿ ಅಂದರೆ ಅಮೆರಿಕನ್ನರು ಕೇಳುವುದಿಲ್ಲ, ಕಮ್ಯುನಿಸ್ಟರ ಭಯ ಮುಂದಿಟ್ಟರೆ ಕೇಳುತ್ತಾರೆ ಅಂತ ಲೆಕ್ಕ ಹಾಕಿದ್ದನ್ನು ಅವರೇ ಮುಂದೆ ಬರೆದುಕೊಂಡಿದ್ದಾರೆ. 1953ರ ಜನವರಿಯಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾದರು. ಜಾನ್ ಫಾಸ್ಟರ್ ಡಲ್ಲೆಸ್ ವಿದೇಶಾಂಗ ಸಚಿವ, ತಮ್ಮ ಅಲೆನ್ ಡಲ್ಲೆಸ್ ಸಿಐಎ ಮುಖ್ಯಸ್ಥ. ಏಪ್ರಿಲ್‌ನಲ್ಲಿ 10 ಲಕ್ಷ ಡಾಲರ್ ಮಂಜೂರಾಯಿತು. ಮೊಸಾದೆಗ್ ಬೀಳಲು ಏನು ಬೇಕೋ ಅದಕ್ಕೆಲ್ಲ ಖರ್ಚು ಮಾಡಬಹುದು ಅಂತ ಷರತ್ತು.

ಇಲ್ಲಿ ಒಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಇದು ತೈಲಕ್ಕಾಗಿ ಮಾಡಿದ್ದೋ, ಕಮ್ಯುನಿಸ್ಟರ ಭಯದಿಂದ ಮಾಡಿದ್ದೋ? ಭಯ ಸುಳ್ಳಲ್ಲ. ಸೋವಿಯತ್ ಒಕ್ಕೂಟ ಪಕ್ಕದ ಗಡಿಯಲ್ಲಿತ್ತು, ಇರಾನಿನ ಕಮ್ಯುನಿಸ್ಟ್ ಪಕ್ಷವಾದ ತುದೆ ಬಲವಾಗಿತ್ತು. ಇನ್ನೊಂದು ಕಡೆ, ಅಮೆರಿಕದ ದೊಡ್ಡ ತೈಲ ಕಂಪನಿಗಳಿಗೆ ಆಗ ಇರಾನಿನ ತೈಲ ಬೇಕೇ ಬೇಕು ಅಂತೇನೂ ಇರಲಿಲ್ಲ. ಸೌದಿ, ಕುವೈತ್ ಬಾವಿಗಳಲ್ಲಿ ಅವಕ್ಕೆ ಸಾಕಷ್ಟು ಸಿಗುತ್ತಿತ್ತು. ಹಾಗಾದರೆ ತೈಲ ಕಾರಣ ಅಲ್ವಾ? ಕಾರಣವೇ. ಆದರೆ ಬ್ಯಾರೆಲ್ ಲೆಕ್ಕದಲ್ಲಿ ಹುಡುಕಿದರೆ ಅದು ಕಾಣುವುದಿಲ್ಲ. 1950ರ ಕೊನೆಯಲ್ಲಿ ಅಮೆರಿಕದ ಕಂಪನಿಗಳು ಸೌದಿ ದೊರೆಯ ಜೊತೆ ಲಾಭ ಅರ್ಧ-ಅರ್ಧ ಎಂದು ಒಪ್ಪಂದ ಮಾಡಿಕೊಂಡಿದ್ದವು. ಇರಾನ್ ಎಂಬ ಒಂದು ದೇಶ ಪೂರ್ತಿ ತೈಲ ತನ್ನದೇ ಅಂದು ದಕ್ಕಿಸಿಕೊಂಡರೆ ನಾಳೆ ಸೌದಿ ಕೇಳುತ್ತದೆ, ನಾಡಿದ್ದು ವೆನೆಜುವೆಲಾ ಕೇಳುತ್ತದೆ. ಬಾವಿಯ ಮೇಲೆ ಯಾರ ಮಾತು ನಡೆಯಬೇಕು ಅನ್ನುವ ಪದ್ಧತಿಯೇ ಬಿದ್ದುಹೋಗುತ್ತಿತ್ತು. ಕಾಪಾಡಿಕೊಳ್ಳಬೇಕಾಗಿದ್ದು ಆ ಪದ್ಧತಿ. ತೈಲವೋ ಕಮ್ಯುನಿಸಮ್ಮೋ ಅಂತ ವಾಷಿಂಗ್ಟನ್ನಿನವರು ಬೇರೆ ಬೇರೆ ಮಾಡಿ ನೋಡಲಿಲ್ಲ. ತೈಲ ಕೈಬಿಟ್ಟರೆ ಕಮ್ಯುನಿಸ್ಟರು ಗೆದ್ದಂತೆ ಅನ್ನುವುದು ಅವರ ಎಣಿಕೆ.

ಆಗಸ್ಟ್ ತಿಂಗಳ ಆ ನಾಲ್ಕು ದಿನಗಳಿಗೆ ಬರುತ್ತೇನೆ. ಟೆಹರಾನಿನಲ್ಲಿ ಕೆಲಸ ನಡೆಸಿದ್ದು ಸಿಐಎ ಅಧಿಕಾರಿ ಕರ್ಮಿಟ್ ರೂಸ್‌ವೆಲ್ಟ್, ಹಿಂದಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ಮೊಮ್ಮಗ. ಕಾರ್ಯಾಚರಣೆಯ ಹೆಸರು ಅಜಾಕ್ಸ್. ಯುವ ದೊರೆ ಮೊಹಮ್ಮದ್ ರೆಜಾ ಶಾಗೆ ಧೈರ್ಯ ಸಾಲದು. ಅವರನ್ನು ಒಪ್ಪಿಸಲು ಜನರಲ್ ನಾರ್ಮನ್ ಶ್ವಾರ್ಜ್‌ಕಾಫ್ ಅವರನ್ನು ಕಳಿಸಿದರು. ಇವರು 1940ರ ದಶಕದಲ್ಲಿ ಇರಾನಿನ ಪೊಲೀಸ್ ಪಡೆಗೆ ತರಬೇತಿ ಕೊಟ್ಟವರು. ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೇನೆ ನಡೆಸಿದ ಶ್ವಾರ್ಜ್‌ಕಾಫ್ ಇವರ ಮಗ. ಹುಡುಗನಾಗಿದ್ದಾಗ ಆತ ಅಪ್ಪನ ಜೊತೆ ಟೆಹರಾನಿನಲ್ಲೂ ಇದ್ದ. ಒಂದೇ ಕೊಲ್ಲಿಯ ತೈಲಕ್ಕಾಗಿ ಒಂದೇ ಮನೆಯ ಎರಡು ತಲೆಮಾರು ದುಡಿದಿದೆ.

ಆಗಸ್ಟ್ 15ರ ರಾತ್ರಿ ಕರ್ನಲ್ ನಾಸಿರಿ ಪ್ರಧಾನಿಯನ್ನು ವಜಾ ಮಾಡುವ ದೊರೆಯ ಫರ್ಮಾನು ಹಿಡಿದು ಮೊಸಾದೆಗ್ ಮನೆಗೆ ಹೋದರು. ಸುದ್ದಿ ಮೊದಲೇ ಸೋರಿತ್ತು. ನಾಸಿರಿಯೇ ಬಂಧನಕ್ಕೊಳಗಾದರು. ಶಾ ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿದರು. ಯೋಜನೆ ಮುಗಿಯಿತು ಅಂತ ವಾಷಿಂಗ್ಟನ್ ಕೂಡ ಅಂದುಕೊಂಡಿತು. ರೂಸ್‌ವೆಲ್ಟ್ ಮಾತ್ರ ಅಲ್ಲೇ ಉಳಿದರು. ಮುಂದಿನ ಎರಡು ದಿನ ಬೀದಿಯಲ್ಲಿ ಗಲಭೆ. ತುದೆ ಪಕ್ಷದವರ ವೇಷ ಹಾಕಿದ ಬಾಡಿಗೆಯ ಜನರೂ ಅದರಲ್ಲಿ ಸೇರಿ ಗಾಜು ಒಡೆದರು, ಜನರಿಗೆ ಭಯ ಹುಟ್ಟಿಸಿದರು. ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್ ಆಗಸ್ಟ್ 18ರ ಸಂಜೆ ಮೊಸಾದೆಗ್ ಅವರನ್ನು ಕಂಡರು. ಅಮೆರಿಕನ್ನರ ಮೇಲೆ ದಾಳಿ ನಿಲ್ಲದಿದ್ದರೆ ಎಲ್ಲರನ್ನೂ ವಾಪಸ್ ಕರೆಸಿಕೊಳ್ಳುತ್ತೇನೆ ಅಂದರು. ಈ ಹೆಂಡರ್ಸನ್ ಟೆಹರಾನಿಗೆ ಬರುವ ಮುಂಚೆ ದೆಹಲಿಯಲ್ಲಿ ರಾಯಭಾರಿಯಾಗಿದ್ದವರು. ಅತಿಥಿಗಳಿಗೆ ತೊಂದರೆಯಾಗಬಾರದು ಅಂತ ಮೊಸಾದೆಗ್ ಬೀದಿ ಖಾಲಿ ಮಾಡಿಸಲು ಪೊಲೀಸರಿಗೆ ಹೇಳಿದರು. ತಮ್ಮ ಬೆಂಬಲಿಗರಿಗೂ ಮನೆಗೆ ಹೋಗಿ ಅಂದರು. ಮರುದಿನ ಬೆಳಿಗ್ಗೆ ದಕ್ಷಿಣ ಟೆಹರಾನಿನಿಂದ ಗುಂಪು ಹೊರಟಾಗ ಎದುರು ನಿಲ್ಲಲು ಬೀದಿಯಲ್ಲಿ ಯಾರೂ ಇರಲಿಲ್ಲ. ಪೈಲ್ವಾನರು, ಪುಂಡರು, ಹಿಂದೆ ಸೈನಿಕರು, ಟ್ಯಾಂಕುಗಳು. ಸಂಜೆಯ ಹೊತ್ತಿಗೆ ಪ್ರಧಾನಿಯ ಮನೆ ಉರಿಯುತ್ತಿತ್ತು. ಸುಮಾರು 300 ಜನ ಸತ್ತರು ಅನ್ನುತ್ತಾರೆ. ಜನರಲ್ ಜಾಹೆದಿ ಪ್ರಧಾನಿಯಾದರು.

ಎಲ್ಲವನ್ನೂ ಸಿಐಎ ತಲೆಗೆ ಕಟ್ಟುವುದೂ ಸರಿಯಲ್ಲ. ಅಯಾತೊಲ್ಲಾ ಕಾಶಾನಿ ಮೊದಲು ಮೊಸಾದೆಗ್ ಜೊತೆಗಿದ್ದವರು, ಆಮೇಲೆ ತಿರುಗಿಬಿದ್ದರು. ಸೈನ್ಯದಲ್ಲಿ ಅಸಮಾಧಾನ ಇತ್ತು. ಸಂಸತ್ತು ವಿಸರ್ಜಿಸಲು ಮೊಸಾದೆಗ್ ನಡೆಸಿದ ಜನಮತಗಣನೆಯಲ್ಲಿ ಹೌದು-ಇಲ್ಲ ಮತಗಳಿಗೆ ಬೇರೆ ಬೇರೆ ಮತಗಟ್ಟೆ ಇಟ್ಟಿದ್ದರು. ಅದು ಗುಟ್ಟಿನ ಮತದಾನವೇ ಅಲ್ಲ. ಕಾನೂನು ಓದಿದ ಮನುಷ್ಯ ಮಾಡಬಾರದ ಕೆಲಸ. ಇದನ್ನೆಲ್ಲ ತೋರಿಸಿ, ಇರಾನಿಗರೇ ಮೊಸಾದೆಗ್‌ರನ್ನು ಇಳಿಸಿದರು ಅಂತ ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಳಗಿನ ಜಗಳ ಎಲ್ಲ ಪ್ರಜಾಪ್ರಭುತ್ವದಲ್ಲೂ ಇರುತ್ತದೆ. ಅದು ಚುನಾವಣೆಯಲ್ಲಿ ತೀರ್ಮಾನವಾಗುತ್ತಿತ್ತು. ಹೊರಗಿನವರು ಬಂದು ಆ ಜಗಳಕ್ಕೆ ಟ್ಯಾಂಕ್ ಒದಗಿಸಿದರು.

ಮುಂದಿನ ವರ್ಷ ತೈಲದ ಹಂಚಿಕೆಯಾಯಿತು. ಹಳೆಯ ಕಂಪನಿ ಬ್ರಿಟಿಷ್ ಪೆಟ್ರೋಲಿಯಂ ಅಂತ ಹೆಸರು ಬದಲಿಸಿಕೊಂಡು ಶೇ 40 ಪಾಲು ಪಡೆಯಿತು. ಅಮೆರಿಕದ ಕಂಪನಿಗಳಿಗೆ ಒಟ್ಟು ಶೇ 40. ಉಳಿದಿದ್ದು ಶೆಲ್ ಮತ್ತು ಒಂದು ಫ್ರೆಂಚ್ ಕಂಪನಿಗೆ. 1951ಕ್ಕೆ ಮೊದಲು ಇರಾನಿನ ತೈಲದಲ್ಲಿ ಅಮೆರಿಕದ ಪಾಲು ಏನೂ ಇರಲಿಲ್ಲ. ತಮಾಷೆಯ ವಿಷಯವಲ್ಲ ಇದು: ಈ ಕಂಪನಿಗಳು ಸೇರಿಕೊಂಡು ಪೈಪೋಟಿ ಹಾಳುಮಾಡುತ್ತಿವೆ ಅಂತ ಅಮೆರಿಕದ ಕಾನೂನು ಇಲಾಖೆಯೇ ಆಗ ಅವುಗಳ ಮೇಲೆ ಮೊಕದ್ದಮೆ ಹೂಡಿತ್ತು. ಇರಾನಿನಲ್ಲಿ ಒಟ್ಟಿಗೆ ಸೇರಲು ಸರ್ಕಾರವೇ ಅವಕ್ಕೆ ರಿಯಾಯಿತಿ ಕೊಟ್ಟಿತು. ಇರಾನಿಗೆ ಲಾಭದಲ್ಲಿ ಅರ್ಧ ಸಿಕ್ಕಿತು. ಕಾಗದದ ಮೇಲೆ ತೈಲ ರಾಷ್ಟ್ರದ್ದೇ ಆಗಿ ಉಳಿಯಿತು. ಲೆಕ್ಕ ತಪಾಸಣೆ ಮಾಡುವ ಹಕ್ಕು ಮಾತ್ರ ಆಗಲೂ ಸಿಗಲಿಲ್ಲ.

ಮೊಸಾದೆಗ್‌ಗೆ ಸೇನಾ ನ್ಯಾಯಾಲಯ ಮೂರು ವರ್ಷ ಜೈಲು ವಿಧಿಸಿತು. ಆಮೇಲೆ ಅಹ್ಮದಾಬಾದ್ ಎಂಬ ತಮ್ಮ ಹಳ್ಳಿಯಲ್ಲಿ ಗೃಹಬಂಧನ, 1967ರಲ್ಲಿ ಸಾಯುವವರೆಗೂ. 1952ರ ಜುಲೈನಲ್ಲಿ ತಮ್ಮ ಪರ ಬೀದಿಗಿಳಿದು ಸತ್ತವರ ಪಕ್ಕ ಮಣ್ಣು ಮಾಡಿ ಅಂತ ಕೇಳಿಕೊಂಡಿದ್ದರು. ಅದಕ್ಕೂ ಬಿಡಲಿಲ್ಲ. ಮನೆಯ ಊಟದ ಕೋಣೆಯಲ್ಲೇ ಹೂಳಿದರು. ಅವರ ವಿದೇಶಾಂಗ ಸಚಿವ ಹೊಸೇನ್ ಫಾತೆಮಿಯವರನ್ನು 1954ರಲ್ಲಿ ಗುಂಡಿಕ್ಕಿ ಕೊಂದರು.

ನಂತರದ 25 ವರ್ಷಗಳನ್ನು ಅಮೆರಿಕದ ಕಡೆಯಿಂದ ನೋಡಿದರೆ ಎಲ್ಲ ಚೆನ್ನಾಗೇ ಇತ್ತು. ತೈಲ ಹರಿಯಿತು. ಶಾ ಅಮೆರಿಕದ ಆಯುಧಗಳನ್ನು ಬೇಕಾದಷ್ಟು ಕೊಂಡರು. ಅಲ್ಲಿನ ಪರಮಾಣು ಸಂಶೋಧನಾ ರಿಯಾಕ್ಟರನ್ನೂ 1967ರಲ್ಲಿ ಅಮೆರಿಕವೇ ಕೊಟ್ಟಿತ್ತು. ಇಂದು ಬಾಂಬ್ ಹಾಕಲು ಕಾರಣವಾಗಿರುವ ಕಾರ್ಯಕ್ರಮದ ಮೊದಲ ಇಟ್ಟಿಗೆ ಅದು. ಇರಾನ್ ಸುಲಭ ಅನ್ನಿಸಿದ್ದಕ್ಕೆ 1954ರಲ್ಲಿ ಗ್ವಾಟೆಮಾಲದಲ್ಲೂ ಅದೇ ಕೆಲಸ ಮಾಡಿದರು. 1977ರ ಕೊನೆಯ ದಿನ ಟೆಹರಾನಿನಲ್ಲಿ ಅಧ್ಯಕ್ಷ ಕಾರ್ಟರ್, ಇರಾನ್ ಸ್ಥಿರತೆಯ ದ್ವೀಪ ಅಂತ ಹೊಗಳಿದರು. ಹದಿಮೂರು ತಿಂಗಳೊಳಗೆ ಶಾ ದೇಶ ಬಿಟ್ಟಿದ್ದರು.

ಒಳಗೆ ಏನಾಗಿತ್ತು? 1957ರಲ್ಲಿ ಹುಟ್ಟಿದ ಗುಪ್ತ ಪೊಲೀಸ್ ಸಂಸ್ಥೆ ಸಾವಾಕ್‌ಗೆ ತರಬೇತಿ ಕೊಟ್ಟಿದ್ದು ಸಿಐಎ ಮತ್ತು ಇಸ್ರೇಲಿನ ಮೊಸಾದ್. ಪಕ್ಷಗಳನ್ನು ಮುಚ್ಚಿಸಿದರು, ಪತ್ರಿಕೆಗಳ ಬಾಯಿ ಕಟ್ಟಿದರು. 1975ಕ್ಕೆ ದೇಶದಲ್ಲಿ ಒಂದೇ ಪಕ್ಷ, ಅದೂ ದೊರೆಯದು. ಮೊಸಾದೆಗ್ ಅವರ ನ್ಯಾಷನಲ್ ಫ್ರಂಟಿನ ವಕೀಲರು, ಮೇಷ್ಟ್ರುಗಳು, ಎಂಜಿನಿಯರುಗಳು ಜೈಲಿಗೆ ಹೋದರು ಅಥವಾ ಮನೆಯಲ್ಲಿ ಸುಮ್ನೆ ಕೂತರು. ಮುಚ್ಚಿಸಲು ಆಗದೆ ಉಳಿದಿದ್ದು ಮಸೀದಿ. ಊರೂರಲ್ಲಿ ಮಸೀದಿ, ಅಲ್ಲೊಬ್ಬ ಮುಲ್ಲಾ, ವಾರಕ್ಕೊಮ್ಮೆ ಸೇರುವ ಜನ. ಸಿಟ್ಟು ಬಂದವನು ಇನ್ನೆಲ್ಲಿಗೆ ಹೋಗಬೇಕು? 1979ರ ಕ್ರಾಂತಿ ನಡೆಸಿದ ಧರ್ಮಗುರು ಖೊಮೇನಿ ದೊಡ್ಡ ನಾಯಕರಾಗಿದ್ದು ಅವರ ಸಾಮರ್ಥ್ಯದಿಂದ, ನಿಜ. ಆದರೆ ಬಯಲು ಖಾಲಿ ಮಾಡಿಕೊಟ್ಟವರು ಬೇರೆಯವರು.

1979ರಲ್ಲಿ ಆ ಹಳಬರು ಒಂದು ಸಲ ಮತ್ತೆ ಕಾಣಿಸಿಕೊಂಡರು. ಈ ಭಾಗ ಹೇಳುವಾಗ ನನಗೆ ಯಾವಾಗಲೂ ಸಂಕಟವಾಗುತ್ತದೆ. ಕ್ರಾಂತಿಯ ಮೊದಲ ಪ್ರಧಾನಿ ಮೆಹದಿ ಬಜಾರ್ಗಾನ್. 1951ರಲ್ಲಿ ಅಬಾದಾನಿಗೆ ಹೋಗಿ ತೈಲ ಕಂಪನಿಯನ್ನು ವಶಕ್ಕೆ ತೆಗೆದುಕೊಂಡ ಮಂಡಳಿಯ ಮುಖ್ಯಸ್ಥರು ಇವರೇ. ವಿದೇಶಾಂಗ ಸಚಿವ ಕರೀಂ ಸಂಜಾಬಿ, 1952ರಲ್ಲಿ ಹೇಗ್ ನ್ಯಾಯಾಲಯದಲ್ಲಿ ಇರಾನಿನ ಪರವಾಗಿ ಕೂತ ನ್ಯಾಯಾಧೀಶ. ಮಾರ್ಚ್ 5ರಂದು, ಮೊಸಾದೆಗ್ ತೀರಿಕೊಂಡ ದಿನ, ಭಾರಿ ಜನಸಾಗರ ಅಹ್ಮದಾಬಾದಿಗೆ ಹೋಯಿತು. ಟೆಹರಾನಿನ ದೊಡ್ಡ ಬೀದಿ ಪಹ್ಲವಿಗೆ ಮೊಸಾದೆಗ್ ಹೆಸರಿಟ್ಟರು. ಸ್ವಲ್ಪ ಕಾಲದಲ್ಲೇ ಆ ಹೆಸರೂ ಹೋಗಿ ವಲಿ ಅಸ್ರ್ ಆಯಿತು. ಸಂಜಾಬಿ ಏಪ್ರಿಲ್‌ನಲ್ಲೇ ರಾಜೀನಾಮೆ ಕೊಟ್ಟರು.

ಅಕ್ಟೋಬರ್‌ನಲ್ಲಿ ಅಮೆರಿಕ, ಕಾಯಿಲೆ ಬಿದ್ದಿದ್ದ ಶಾ ಅವರನ್ನು ಚಿಕಿತ್ಸೆಗೆ ಒಳಗೆ ಬಿಟ್ಟುಕೊಂಡಿತು. ಟೆಹರಾನಿನ ವಿದ್ಯಾರ್ಥಿಗಳಿಗೆ ಅದು ಚಿಕಿತ್ಸೆಯಾಗಿ ಕಾಣಲಿಲ್ಲ. 1953ರಲ್ಲೂ ಶಾ ಓಡಿಹೋಗಿ, ಅಮೆರಿಕ ವಾಪಸ್ ಕೂರಿಸಿತ್ತು. ಅದೇ ಮತ್ತೆ ಆಗುತ್ತದೆ ಅಂತ ನವೆಂಬರ್ 4ರಂದು ರಾಯಭಾರ ಕಚೇರಿಗೆ ನುಗ್ಗಿದರು. 52 ಜನ 444 ದಿನ ಒತ್ತೆಯಾಳುಗಳಾದರು. ಅವರ ಸಂಕಟ ಸಣ್ಣದಲ್ಲ, ಅವರಲ್ಲಿ ಯಾರೂ 1953ಕ್ಕೆ ಹೊಣೆಯಲ್ಲ. ಮುತ್ತಿಗೆಯ ಎರಡೇ ದಿನದಲ್ಲಿ ಬಜಾರ್ಗಾನ್ ಹೋದರು. ಅವರ ಉಪಪ್ರಧಾನಿಯಾಗಿದ್ದ ಅಬ್ಬಾಸ್ ಅಮೀರ್ ಎಂತೆಜಾಮ್ ಮೇಲೆ, ಆ ಕಚೇರಿಯಲ್ಲಿ ಸಿಕ್ಕ ಕಾಗದಗಳನ್ನೇ ಹಿಡಿದು ಗೂಢಚಾರಿಕೆಯ ಆರೋಪ ಹೊರಿಸಿದರು.

ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರುವ ಸರಣಿ, ಬೇಗ ಹೇಳುತ್ತೇನೆ. 1980ರ ಜನವರಿಯಲ್ಲಿ ಕಾರ್ಟರ್, ಕೊಲ್ಲಿಗೆ ಯಾರೇ ಕೈ ಹಾಕಿದರೂ ಸೈನ್ಯ ಬಳಸುತ್ತೇವೆ ಅಂದರು. ಸದ್ದಾಂ ಇರಾನಿನ ಮೇಲೆ ಬಿದ್ದಾಗ ಅಮೆರಿಕ ಸದ್ದಾಂ ಕಡೆ ವಾಲಿತು. 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನ ಹೊಡೆದುರುಳಿಸಿತು. 290 ಜನ ಸತ್ತರು, ಹತ್ತು ಜನ ಭಾರತೀಯರು. ಯುದ್ಧದ ಸಾಲ ಹೊತ್ತ ಸದ್ದಾಂ 1990ರಲ್ಲಿ ಕುವೈತ್ ನುಂಗಿದ. ಆಗ ಒಂದೂಮುಕ್ಕಾಲು ಲಕ್ಷದಷ್ಟು ಭಾರತೀಯರು ಎಲ್ಲ ಬಿಟ್ಟು ಬಂದರು. ಮಂಗಳೂರು, ಉಡುಪಿ, ಭಟ್ಕಳ ಕಡೆಯ ಎಷ್ಟೋ ಮನೆಗಳಿಗೆ ಅದನ್ನು ನಾನು ವಿವರಿಸಬೇಕಾಗಿಲ್ಲ. ಆಮೇಲೆ 2003.

ಅಮೆರಿಕ ಒಪ್ಪಿಕೊಂಡಿತೇ? ನಿಧಾನವಾಗಿ. 1989ರಲ್ಲಿ ವಿದೇಶಾಂಗ ಇಲಾಖೆ ಆ ವರ್ಷಗಳ ಇರಾನ್ ದಾಖಲೆಗಳ ಸಂಪುಟ ಪ್ರಕಟಿಸಿದಾಗ ಅದರಲ್ಲಿ ಸಿಐಎ ಕೈವಾಡದ ಸುದ್ದಿಯೇ ಇರಲಿಲ್ಲ. ಇತಿಹಾಸಕಾರರು ಗಲಾಟೆ ಎಬ್ಬಿಸಿದರು, ಸಲಹಾ ಸಮಿತಿಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು, ದಾಖಲೆ ಮುಚ್ಚಿಡಬಾರದು ಅಂತ 1991ರಲ್ಲಿ ಕಾನೂನೇ ಬಂತು. 2000ದಲ್ಲಿ ಆಗಿನ ವಿದೇಶಾಂಗ ಸಚಿವೆ ಮ್ಯಾಡಲೀನ್ ಆಲ್‌ಬ್ರೈಟ್ ಬಾಯಿಬಿಟ್ಟು ಹೇಳಿದರು. 2013ರಲ್ಲಿ ಸಿಐಎ ಕಡತದಲ್ಲೇ ಒಪ್ಪಿಗೆ ಹೊರಬಂತು. ಪೂರ್ಣ ಸಂಪುಟ ಬಂದಿದ್ದು 2017ರಲ್ಲಿ. ಎಷ್ಟೋ ಕಾಗದಗಳನ್ನು ಸಿಐಎ 1960ರ ದಶಕದಲ್ಲೇ ನಾಶ ಮಾಡಿತ್ತು. ತಮ್ಮ ಸರ್ಕಾರದ ಸುಳ್ಳಿನ ವಿರುದ್ಧ ನಿಂತ ಆ ಅಮೆರಿಕನ್ ಇತಿಹಾಸಕಾರರ ಮೇಲೆ ನನಗೆ ಗೌರವವಿದೆ.

ಈಗ ನಮ್ಮ ಊರಿನ ವಿಷಯ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ ಇರಾನಿನ ಕಚ್ಚಾ ತೈಲದ ದೊಡ್ಡ ಗಿರಾಕಿಯಾಗಿತ್ತು. ಮಂಗಳೂರಿನ ನೆಲದಡಿ ತುರ್ತು ಸಂಗ್ರಹಕ್ಕೆ ಕೊರೆದ ಬಂಡೆ ಗುಹೆಗಳಿಗೆ ಇರಾನಿನ ತೈಲ ತುಂಬಿಸಿದ್ದೂ ಇದೆ. ಅಮೆರಿಕದ ನಿರ್ಬಂಧ ಇದ್ದಾಗ 2012ರಿಂದ ಯೂಕೋ ಬ್ಯಾಂಕಿನ ಮೂಲಕ ರೂಪಾಯಿಯಲ್ಲಿ ಹಣ ಕೊಟ್ಟು ವ್ಯಾಪಾರ ಉಳಿಸಿಕೊಂಡೆವು. 2018ರಲ್ಲಿ ಟ್ರಂಪ್ ಇರಾನ್ ಜೊತೆಗಿನ ಪರಮಾಣು ಒಪ್ಪಂದದಿಂದ ಹೊರಬಂದರು. 2019ರ ಮೇ ತಿಂಗಳಲ್ಲಿ ಭಾರತಕ್ಕಿದ್ದ ವಿನಾಯಿತಿ ಮುಗಿಯಿತು, ನಾವು ಕೊಳ್ಳುವುದನ್ನು ನಿಲ್ಲಿಸಿದೆವು. ರೋಸ್ ಮೇರಿ ಹಡಗನ್ನು ಏಡನ್ನಿಗೆ ತಿರುಗಿಸಿದ ಅದೇ ಉಪಾಯ ಇದು, ಈಗ ಬ್ಯಾಂಕುಗಳ ಮೂಲಕ ನಡೆಯುತ್ತದೆ. ಇರಾನಿನೊಳಗೆ ಇದರ ಏಟು ಬೀಳುವುದು ಸಂಬಳದ ಮೇಲೆ ಬದುಕುವ ಮೇಷ್ಟ್ರಿಗೆ, ನರ್ಸಿಗೆ, ಗುಮಾಸ್ತನಿಗೆ. ಕಳ್ಳದಾರಿಯ ವ್ಯಾಪಾರದಲ್ಲಿ ಪಾಲಿರುವ, ಆಳ್ವಿಕೆಯ ಕಾವಲು ಸೇನೆಯಾದ ರೆವಲ್ಯೂಷನರಿ ಗಾರ್ಡ್ಸ್‌ಗೆ ಅಲ್ಲ. ಮೊಸಾದೆಗ್ ಅವರಿಗೆ ಮತ ಹಾಕಿದಂಥ ಜನವೇ ಮತ್ತೆ ಸೊರಗುತ್ತಿದ್ದಾರೆ.

2025ರ ಜೂನ್‌ನಲ್ಲಿ ಅಮೆರಿಕದ ವಿಮಾನಗಳು ಫೋರ್ಡೊ, ನತಾಂಜ್, ಇಸ್ಫಹಾನ್ ಮೇಲೆ ಬಾಂಬ್ ಹಾಕಿದವು. ಹೊರದೇಶಗಳಲ್ಲಿರುವ ಕೆಲವು ಇರಾನಿಗರು, ಹೀಗಾದರೂ ಈ ಆಳ್ವಿಕೆ ತೊಲಗಲಿ ಅನ್ನುತ್ತಾರೆ. ಹೆಣ್ಣುಮಕ್ಕಳನ್ನು ತಲೆವಸ್ತ್ರಕ್ಕಾಗಿ ಹೊಡೆಯುವ ಸರ್ಕಾರದ ಮೇಲೆ ಅವರಿಗಿರುವ ಸಿಟ್ಟನ್ನು ನಾನು ಪ್ರಶ್ನಿಸುವುದಿಲ್ಲ. ಅವರ ಮುಂದೆ ನಾನು ಇಡುವುದು ಅಮೀರ್ ಎಂತೆಜಾಮ್ ಅವರ ಬದುಕನ್ನು. ಯುವಕನಾಗಿದ್ದಾಗ ಮೊಸಾದೆಗ್ ಪರ ನಿಂತರು. ಶಾ ಹೋದ ಮೇಲೆ ಸರ್ಕಾರ ಸೇರಿದರು. ಧರ್ಮಗುರುಗಳಿಗೆ ಪರಮಾಧಿಕಾರ ಕೊಡುವ ಸಂವಿಧಾನವನ್ನು 1979ರಲ್ಲೇ ವಿರೋಧಿಸಿದರು. ಅಮೆರಿಕದ ಏಜೆಂಟ್ ಅನ್ನಿಸಿಕೊಂಡು, ಜೀವಾವಧಿ ಶಿಕ್ಷೆಯಾಗಿ, ಎವಿನ್ ಜೈಲಿನಲ್ಲಿ ವರ್ಷಗಟ್ಟಲೆ ಕಳೆದು 2018ರಲ್ಲಿ ತೀರಿಕೊಂಡರು. ಇರಾನಿನಲ್ಲಿ ಯಾರ ಬಾಯಿ ಮುಚ್ಚಿಸಬೇಕಾದರೂ ಅಮೆರಿಕದವನು ಅಂತ ಕರೆದರೆ ಸಾಕು, ಜನ ಒಂದು ಕ್ಷಣ ನಂಬುತ್ತಾರೆ. 1953ರಲ್ಲಿ ಅದು ನಿಜವಾಗಿತ್ತು ಅನ್ನುವುದೇ ಅದಕ್ಕೆ ಕಾರಣ.